ಗಾದಿ ಅಂಗಡಿಯ ವೆಬ್‌ಸೈಟು ಮತ್ತು ಹದಿನಾಲ್ಕು ಫೋಟೋಗಳು

ಲಗ್ನಪತ್ರಿಕೆಯಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಕು. ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಹದಿನೇಳು ವರ್ಷ ಕಂಪ್ಯೂಟರ್ ಮುಂದೆ ಕೂತು ಬರೀ ಲಗ್ನಪತ್ರಿಕೆ ಮಾಡಿದವಳು ನಾನು. ಮಾವನ ಹೆಸರು ಬಿಟ್ಟುಹೋದರೆ ಮಾವ ಬರುವುದಿಲ್ಲ. ಮಾವ ಬರದಿದ್ದರೆ ಅತ್ತೆ ಬರುವುದಿಲ್ಲ, ಅತ್ತೆ ಬರದಿದ್ದರೆ ಅವಳ ತವರಿನ ಒಂದು ಗಾಡಿ ಜನ ಬರುವುದಿಲ್ಲ, ಮಾಡಿಸಿದ ಬುಂದಿ ಹಾಗೇ ಉಳಿಯುತ್ತದೆ. ಹೆಸರು ಹಾಕಿಯೂ ಚಿಕ್ಕಪ್ಪನ ಕೆಳಗೆ ಹಾಕಿದಿರೋ, ಮಾವ ಬರುತ್ತಾನೆ, ಊಟ ಮಾಡುವುದಿಲ್ಲ. ಊಟ ಮಾಡದೆ ಪೆಂಡಾಲಿನ ಬಾಗಿಲಲ್ಲಿ ನಿಂತು, ತಾನು ಊಟ ಮಾಡಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಈ ವಿಷಯದಲ್ಲಿ ನಮ್ಮೂರಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ಪತ್ರಿಕೆಯ ಮೇಲಿನ ಸಾಲು ಮಾತ್ರ ಬೇರೆ, ಕೆಳಗಿನ ಜಗಳ ಒಂದೇ. ಯಾರ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿ, ಯಾರ ಪಕ್ಕ ಯಾರು, ಸತ್ತವರು ಮೊದಲೋ ಸಾಯಲಿಕ್ಕಿರುವವರು ಮೊದಲೋ, ಇದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಮದುವೆ ಎಲ್ಲಿ, ಯಾವತ್ತು ಎಂಬುದು ಕೊನೆಗೆ ಸಣ್ಣಕ್ಷರದಲ್ಲಿ ಹೇಗೋ ಸೇರುತ್ತಿತ್ತು. ಬರುವವರಿಗೆ ಅದು ಮೊದಲೇ ಗೊತ್ತಿರುತ್ತದಲ್ಲ.

ಪ್ರೆಸ್ಸು ನನ್ನ ಭಾವನದು, ಅಂದರೆ ನನ್ನ ಗಂಡನ ಅಣ್ಣನದು. ಕೆಟ್ಟವರಲ್ಲ. ಆದರೆ ಅಂಗಡಿಯಲ್ಲಿ ತಮ್ಮ ದನಿಯ ಹೊರತು ಬೇರೆ ದನಿ ಕೇಳಿದರೆ ಫ್ಯಾನು ಕೆಟ್ಟಿದೆ ಎಂದುಕೊಳ್ಳುವವರು. ಜನ ಮೊಬೈಲಿನಲ್ಲೇ ಆಮಂತ್ರಣ ಕಳಿಸಲು ಶುರುಮಾಡಿ ಪತ್ರಿಕೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ನಾನು ಮನೆಯಲ್ಲಿ ವಿಡಿಯೋ ನೋಡಿ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದೆ. ಒಂದು ಮಧ್ಯಾಹ್ನ, ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ಕೂತಿರುವಾಗಲೇ ಹೇಳಿದೆ. ಊರಿನ ಸಣ್ಣ ಅಂಗಡಿಗಳಿಗೆ ನಾವು ವೆಬ್‌ಸೈಟ್ ಮಾಡಿಕೊಡೋಣ, ಪ್ರೆಸ್ಸಿಗೂ ಹೊಸ ಕೆಲಸ ಆಗುತ್ತದೆ, ಎಂದೆ.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ನಾಕು ಅಕ್ಷರ ಟೈಪ್ ಮಾಡಾಕ ಬಂತಂದ್ರ ಕಂಪನಿ ತಗೀತೀ ಏನು? ಸುಮ್ನ ಅತ್ತಿಮನಿಯೋರ ಹೆಸರು ಸರಿ ಹಾಕು."

ಗಿರಾಕಿಗಳು ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅತ್ತೆಮನೆಯವರ ಹೆಸರನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಆ ಮದುವೆಯಲ್ಲಿ ಯಾರು ಊಟ ಮಾಡಲಿಲ್ಲವೋ ಗೊತ್ತಿಲ್ಲ.

ಸಂಜೆಯ ಹೊತ್ತಿಗೆ ಭಾವನ ತೀರ್ಪು ಅಥಣಿ ರಸ್ತೆಯ ನಮ್ಮ ಮನೆಗೆ ಬಂದು ತಲುಪಿತು. ತಂದವನು ನನ್ನ ಗಂಡ. ಅವನು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ, ಯಾರ ಮಾತನ್ನಾದರೂ ಯಾರಿಗಾದರೂ ಒಂದಕ್ಷರ ಬದಲಿಸದೆ ಮುಟ್ಟಿಸುತ್ತಾನೆ. "ಲಗ್ನಸರಾಯಿ ಚಾಲೂ ಆಗೂತನ ಆಟ ಆಡ್ಲಿ. ಆಮ್ಯಾಲೆ ತಾನಽ ಬರ್ತಾಳ. ಖುರ್ಚಿ ಖಾಲಿ ಇಡ್ತೀನಿ," ಎಂದಿದ್ದರಂತೆ.

"ನೀ ಏನಂದಿ?" ಎಂದೆ.

"ಹೇಳ್ತೀನಿ ಅಂದೆ."

ಹೀಗೆ ನನಗೆ ಗಡುವು ಬಿತ್ತು. ಮದುವೆಯ ಹಂಗಾಮು ಶುರುವಾಗುವುದರೊಳಗೆ ನನ್ನ ಕೆಲಸ ಕೆಲಸವೇ ಎಂದು ತೋರಿಸಬೇಕು. ಇಲ್ಲದಿದ್ದರೆ ಆ ಖುರ್ಚಿಗೆ ವಾಪಸು ಹೋಗಿ, ಆ ನಾಲ್ವರಂಥ ಗಿರಾಕಿಗಳ ಎದುರು ಇನ್ನೊಂದು ಹದಿನೇಳು ವರ್ಷ ಸೋದರಮಾವಂದಿರನ್ನು ಜೋಡಿಸುತ್ತ ಕೂರಬೇಕು. ಕೆಲಸದ ಬಗ್ಗೆ ನನಗೆ ಅಸಹ್ಯವಿರಲಿಲ್ಲ. ಆ ನಗೆಯ ಒಳಗೆ ಮತ್ತೆ ಹೋಗಿ ಕೂರುವುದಿತ್ತಲ್ಲ, ಅದು ಬೇಡವಾಗಿತ್ತು.

ಮೊದಲ ಗಿರಾಕಿ ಸಿಕ್ಕಿದ್ದು ಜೋರಾಪುರ ಪೇಟೆಯಲ್ಲಿ. ಅಲ್ಲೊಂದು ಹಳೆಯ ಗಾದಿ ಅಂಗಡಿ. ಅಪ್ಪನ ಕಾಲದಿಂದ ಹತ್ತಿಯ ಗಾದಿ ಮಾಡುವ, ಹಳೆಯ ಗಾದಿ ಬಿಚ್ಚಿ ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಮತ್ತೆ ತುಂಬಿಕೊಡುವ ಮುಸ್ಲಿಂ ಮನೆತನ. ಗಂಡ ಹಿಂಜುತ್ತಾರೆ, ಅವರೇ ಊರಿಗೆಲ್ಲ ಗಾದಿಯವರು; ಹೆಂಡತಿ ಹೊಲಿಯುತ್ತಾಳೆ. ನಮ್ಮ ಮನೆಯ ಗಾದಿಗಳೂ ಅಲ್ಲೇ ಹೋಗಿ ಬಂದಂಥವು. ಊರಲ್ಲಿ ಸ್ಪಂಜಿನ ಗಾದಿಯ ದೊಡ್ಡ ಅಂಗಡಿಗಳು ತೆರೆದ ಮೇಲೆ ಇವರ ಕಡೆ ಜನ ಕಡಿಮೆಯಾಗಿದ್ದರು. ನಾನು ವೆಬ್‌ಸೈಟಿನ ಮಾತು ತೆಗೆದಾಗ ಗಾದಿಯವರು ಸುಮ್ಮನೆ ಹತ್ತಿ ನೋಡುತ್ತ ಕೂತರು. ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹೆಂಡತಿಯೇ ಸೂಜಿ ನಿಲ್ಲಿಸಿ ಹೇಳಿದಳು, "ಮಾಡ್ಲಿ ಬಿಡ್ರಿ. ಕುಂತು ನೊಣ ಹೊಡ್ಯೂದಕ್ಕಿಂತ ಛಲೋ ಅಲ್ಲ?"

"ಅಬ್ಬಾನ ಫೋಟೋ ಮ್ಯಾಲೆ ಬರ್ಬೇಕು ನೋಡ ತಂಗಿ," ಎಂದರು ಗಾದಿಯವರು, ತೀರಿಕೊಂಡ ತಂದೆಯನ್ನು ನೆನೆದು. ಅಂದಿನ ಹತ್ತು ಮಾತಿನಲ್ಲಿ ಅದು ಒಂದು.

ಅಷ್ಟು ಸಾಕಾಗಿತ್ತು ನನಗೆ. ಅಬ್ಬಾ ಮೇಲೆ ಬಂದರೆ ಅಬ್ಬಾನ ಅಣ್ಣ ಎಲ್ಲಿ? ಅಣ್ಣ ಬಂದರೆ ತಮ್ಮಂದಿರು? ಹದಿನೇಳು ವರ್ಷದ ಬುದ್ಧಿ ತಾನಾಗಿಯೇ ಓಡತೊಡಗಿತು. ಮೇಲೆ ಪ್ರಾರ್ಥನೆಯ ಸಾಲು. ಅದರ ಕೆಳಗೆ ಬಂಗಾರದ ಚೌಕಟ್ಟಿನಲ್ಲಿ ಅಬ್ಬಾ. ಎರಡೂ ಬದಿಗೆ ಹಿರಿಯರು, ಆಮೇಲೆ ಗಾದಿಯವರು, ಅಣ್ಣತಮ್ಮಂದಿರು, ಮೈದುನ, ಟಿಕೋಟಾದ ಅಳಿಯ, ಅಳಿಯನ ತಂದೆ. ಒಟ್ಟು ಹದಿನಾಲ್ಕು ಫೋಟೋ. ಬದಿಯಲ್ಲಿ ಬಳ್ಳಿ, ಹೂವು. ಕೆಳಗೆ "ತಮ್ಮ ಸುಖಾಗಮನ ಬಯಸುವ" ಎಂದು ಬರೆದು ಮನೆತನದ ಹೆಸರು. ಅದರಾಚೆ, ಬೆರಳಿನಿಂದ ಏಳೆಂಟು ಸಲ ತಳ್ಳಿದ ಮೇಲೆ, ಸಣ್ಣಕ್ಷರದಲ್ಲಿ ಒಂದು ಫೋನ್ ನಂಬರು.

ಎಷ್ಟು ಚಂದ ಬಂದಿತ್ತೆಂದರೆ ನನ್ನ ಕಣ್ಣೇ ತಾಗೀತು ಎನಿಸಿತು. ಎಲ್ಲರಿಗೂ ಕಳಿಸಿದೆ. ಎಲ್ಲರೂ "ಛಂದ ಆಗೇದ" ಎಂದರು. ಗಾದಿಯವರ ಬಳಗದಲ್ಲಿ ಮೊಬೈಲು ಕೈಯಿಂದ ಕೈಗೆ ಹೋಯಿತು. ಗಾದಿಯವರು ಎರಡು ಸಲ ನೋಡಿ ತಲೆಯಾಡಿಸಿದರು. ಆಮೇಲೆ ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು, ಒಂದೂ ಕರೆ ಬರಲಿಲ್ಲ.

ತಪ್ಪು ಹೇಳಿದೆ, ಒಂದು ಬಂತು. ಟಿಕೋಟಾದ ಅಳಿಯನದು. ಅವನು ದ್ರಾಕ್ಷಿ ತುಂಬುವ ಪೆಟ್ಟಿಗೆಯ ವ್ಯಾಪಾರಿ, ಇಡೀ ಜಗತ್ತಿನಲ್ಲಿ ಆ ಪುಟದ ತಳದವರೆಗೆ ಹೋಗಿ ಫೋನ್ ನಂಬರು ಕಂಡುಹಿಡಿದ ಒಬ್ಬನೇ ಮನುಷ್ಯ. ಗಾದಿ ಬೇಕಾಗಿ ಅಲ್ಲ. ತನ್ನ ಫೋಟೋ ಮೈದುನನ ಫೋಟೋಕ್ಕಿಂತ ಸಣ್ಣದಿದೆ ಎಂದು ಅತ್ತೆಗೆ ಹೇಳಲು ಮಾಡಿದ್ದ. ಅಳೆದು ನೋಡಿದೆ. ನಿಜಕ್ಕೂ ಒಂದು ಕೂದಲೆಳೆ ಸಣ್ಣದಿತ್ತು. ಸರಿಮಾಡಿದೆ, ಅವನಿಗೆ ಸಮಾಧಾನವಾಯಿತು. ಅಂಗಡಿಗೆ ಮಾತ್ರ ಒಂದು ನರಪಿಳ್ಳೆ ಬರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅಂದೆ. ಈ ಊರಿನ ಜನಕ್ಕೆ ರುಚಿ ಇಲ್ಲ, ಇವರಿಗೆ ಸ್ಪಂಜೇ ಸರಿ, ಬೆನ್ನು ಹೋಗಲಿ ಇವರದು, ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದೆ. ಕೊನೆಗೆ ಒಂದು ಭಾನುವಾರ ಗಂಡನ ಕೈಗೆ ಮೊಬೈಲು ಕೊಟ್ಟು, "ನೀನಾದ್ರೂ ನೋಡಿ ಹೇಳು, ಏನ್ ಕಮ್ಮಿ ಆಗೇದ ಇದರಾಗ," ಎಂದೆ. ಅವನು ಅಷ್ಟು ದಿನ ಅದನ್ನು ನೋಡಿರಲಿಲ್ಲ, ಜಗಳದ ವಸ್ತುವನ್ನು ಮುಟ್ಟುವ ಜಾಯಮಾನ ಅವನದಲ್ಲ. ನಿಧಾನವಾಗಿ ಮೇಲಿನಿಂದ ಕೆಳಗೆ ತಳ್ಳುತ್ತ ಹೋದ. ಮಧ್ಯಕ್ಕೆ ಬಂದು ತಲೆಯೆತ್ತಿ ಕೇಳಿದ.

"ಯಾರದಿದು ಲಗ್ನ?"

ಅಂದು ನಾನು ಅವನಿಗೆ ಊಟಕ್ಕೆ ಬಡಿಸಲಿಲ್ಲ. ಆದರೆ ಆ ಮಾತು ಎದೆಗೆ ಬಂದು ಕೂತುಬಿಟ್ಟಿತ್ತು. ಮತ್ತೆ ಮತ್ತೆ ನೋಡಿದೆ. ಹೌದು, ಮದುವೆ ಇತ್ತು, ಬೀಗರಿದ್ದರು, ಹಿರಿಯರ ಆಶೀರ್ವಾದವಿತ್ತು. ಗಾದಿ ಇರಲಿಲ್ಲ. ಹದಿನಾಲ್ಕು ಗಂಡಸರಿದ್ದರು, ಅವರಲ್ಲಿ ಗಾದಿ ಮಾಡಬಲ್ಲವರು ಇಬ್ಬರು, ಒಬ್ಬರು ತೀರಿಕೊಂಡಿದ್ದರು. ದಿನವಿಡೀ ಹೊಲಿಯುವ ಹೆಂಗಸಿನ ಫೋಟೋವಂತೂ ನನ್ನ ತಲೆಗೇ ಬಂದಿರಲಿಲ್ಲ. ಇದನ್ನು ನೋಡಿದರೆ ಜನ ಉಡುಗೊರೆ ತಂದಾರು, ಹಳೆಯ ಗಾದಿ ತಾರರು. ಭಾವನ ಮೇಲೆ ಅಷ್ಟೆಲ್ಲ ಹಾರಾಡಿ ಎದ್ದು ಬಂದವಳು, ಮನೆಯಲ್ಲಿ ಕೂತು ಮಾಡಿದ್ದೂ ಲಗ್ನಪತ್ರಿಕೆಯನ್ನೇ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮರುದಿನದಿಂದ ಅಂಗಡಿಗೆ ಹೋಗಿ ಕೂರತೊಡಗಿದೆ. ಮಾಡಲು ಏನೂ ಇರಲಿಲ್ಲ, ಸುಮ್ಮನೆ ನೋಡುವುದು. ಎರಡನೆಯ ದಿನ ವಯಸ್ಸಾದ ಗಂಡಹೆಂಡತಿ ಎರಡು ಗಾದಿ ಹೊರಿಸಿಕೊಂಡು ಬಂದರು. ಗಾದಿಯವರು ಹೊಲಿಗೆ ಬಿಚ್ಚಿ ಹಳೆಯ ಹತ್ತಿಯನ್ನು ನೆಲಕ್ಕೆ ಸುರಿದರು. ಅದರಿಂದ ಒಂದು ಹಿಡಿ ತೆಗೆದು ಆ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಬೆಂಚಿನ ಮೇಲೆ ಕೂತಳು. ಅಜ್ಜ ರೊಟ್ಟಿಯ ಡಬ್ಬಿ ಬಿಚ್ಚಿದ. ಹಿಂಜುವ ಯಂತ್ರ ಶುರುವಾಯಿತು. ಇಬ್ಬರೂ ತಿನ್ನುತ್ತ, ಆಗಾಗ ತೂಕಡಿಸುತ್ತ, ಸಂಜೆಯವರೆಗೆ ಆ ಹತ್ತಿಯನ್ನು ಕಾದರು. ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಕೂರುತ್ತಿದ್ದರು.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮಲ್ಲಿ ಗಾದಿ ಹಿಂಜಿಸಲು ಕೊಟ್ಟವರು ಯಾರೂ ಬಿಟ್ಟು ಹೋಗುವುದಿಲ್ಲ, ಕಾವಲು ಕೂರುತ್ತಾರೆ. ನಾನೂ ಕೂತಿದ್ದೇನೆ, ನನ್ನ ಅವ್ವನೂ ಕೂತಿದ್ದಾಳೆ. ಒಳ್ಳೆಯ ಹತ್ತಿ ತೆಗೆದು ಕಳಪೆ ಹತ್ತಿ ತುಂಬಿಬಿಟ್ಟರೆ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ, ತವರಿನಿಂದ ಬಂದ ಹತ್ತಿ, ತಾವು ಹೆತ್ತು ಮಲಗಿದ ಹತ್ತಿ ಬೇರೆಯವರ ಮನೆಗೆ ಹೋದರೆ ಎಂಬ ಹೊಟ್ಟೆಕಿಚ್ಚು. ಗಾದಿಯವರು ಇದಕ್ಕೆ ಎಂದೂ ಬೇಸರ ಮಾಡಿದವರಲ್ಲ. ಕೊನೆಗೆ ಅವರೇ ಆ ಅಜ್ಜಿಯ ಸೆರಗಿನ ಗಂಟು ಬಿಚ್ಚಿಸಿ, ಹಿಂಜಿದ ಹತ್ತಿಯ ಪಕ್ಕ ಇಟ್ಟು, "ನೋಡ್ರಿ, ನಿಮ್ದಽ ಹೌದಲ್ಲೋ," ಎಂದು ಕೇಳಿ, ಅವಳು ಹ್ಞೂಂ ಅಂದ ಮೇಲೆಯೇ ತುಂಬಿದರು.

ನಾನು ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಸ್ಪಂಜಿನ ಅಂಗಡಿಯವನು ಹತ್ತು ಜನ್ಮ ಎತ್ತಿದರೂ ಈ ಮಾತನ್ನು ಕೇಳಲಾರ. ಅವನ ಸ್ಪಂಜು ಯಾರದೂ ಅಲ್ಲವಲ್ಲ.

ಆ ವಾರ ಬಂದವರು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ತಿರುಗಿಸಿ ಮುರುಗಿಸಿ ಮೂರೇ ಇದ್ದವು. ನಮ್ಮ ಹತ್ತಿ ನಮಗೇ ಬರುತ್ತದೆಯೇ? ರಾತ್ರಿ ಮಲಗಲು ಬೇರೆ ಗಾದಿ ಇಲ್ಲ, ಸಂಜೆಯೊಳಗೆ ಆಗುತ್ತದೆಯೇ? ಹತ್ತಿ ಕಡಿಮೆ ಬಿದ್ದರೆ ಕೇಳಿ ಹಾಕುತ್ತೀರೋ, ಕೇಳದೆ ಹಾಕುತ್ತೀರೋ? ಅಬ್ಬಾನ ಅಣ್ಣನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಮನೆಗೆ ಬಂದವಳೇ ಹದಿನಾಲ್ಕು ಫೋಟೋಗಳನ್ನೂ ಕಿತ್ತು ಹಾಕಿದೆ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಸಿಟ್ಟು ಬಂದಾಗ ನಾನು ಪೂರಾ ಸಿಟ್ಟಿನವಳೇ. ಹೊಸ ಪುಟದಲ್ಲಿ ಒಂದೇ ಚಿತ್ರ. ನೆಲದ ಮೇಲೆ ಹಿಂಜಿದ ಹತ್ತಿಯ ರಾಶಿ, ಪಕ್ಕದಲ್ಲಿ ಖಾಲಿ ಬೆಂಚು. ಮೇಲೆ ದೊಡ್ಡಕ್ಷರದಲ್ಲಿ ಫೋನ್ ನಂಬರು. ಅದರ ಕೆಳಗೆ ಹೀಗೆ ಬರೆದೆ: "ನಿಮ್ಮ ಹತ್ತಿ ನಿಮಗೇ. ಬಂದು ಕೂತು ನೋಡಿ. ಬರಲು ಆಗದವರಿಗೆ ಬಿಚ್ಚುವುದರಿಂದ ಹೊಲಿಯುವವರೆಗೆ ಫೋನಿನಲ್ಲಿ ತೋರಿಸುತ್ತೇವೆ." ಆಮೇಲೆ ಮೂರು ಪ್ರಶ್ನೆ, ಮೂರು ಉತ್ತರ. ಕೊನೆಗೆ ಗಾದಿ ಹೊಲಿಯುತ್ತಿರುವ ಎರಡು ಕೈಗಳ ಫೋಟೋ. ಆ ಕೈಗಳು ಗಾದಿಯವರ ಹೆಂಡತಿಯವು. ಮುಗಿಯಿತು.

ಬೆಳಿಗ್ಗೆ ಹತ್ತಕ್ಕೆಲ್ಲ ಟಿಕೋಟಾದಿಂದ ಬೈಕು ಬಂದು ಅಂಗಡಿಯ ಮುಂದೆ ನಿಂತಿತು. ಅಳಿಯ ಹೆಲ್ಮೆಟ್ ತೆಗೆಯುವ ಮೊದಲೇ ಶುರುಮಾಡಿದ. "ಏನ್ರಿ ಇದು, ನಮ್ಮಪ್ಪನ ಫೋಟೋನೂ ಇಲ್ಲ, ನನ್ನದೂ ಇಲ್ಲ. ನಮ್ಮೂರಾಗ ಎಲ್ಲಾರಿಗೂ ತೋರ್ಸೇನಿ. ಈಗ ಅವ್ರು ಹೊಳ್ಳಿ ನೋಡಿದ್ರ ಬೆಂಚ್ ಕಾಣಾಕತ್ತೈತಿ."

ಗಾದಿಯವರು ಮೊಬೈಲು ಇಸಿದುಕೊಂಡು ನೋಡಿದರು. ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು, "ಅಬ್ಬಾ ಎಲ್ಲಿ?"

"ಅಬ್ಬಾ ಬಂದು ಹತ್ತಿ ಹಿಂಜಿ ಕೊಡ್ತಾರೇನ್ರಿ?" ಎಂದುಬಿಟ್ಟೆ.

ಈ ಮಾತು ಬಾಯಿಂದ ಹೊರಗೆ ಬೀಳುವುದನ್ನು ನಾನೇ ಕೇಳಿಸಿಕೊಂಡೆ. ಅಳಿಯ ಆಗ ಹೆಲ್ಮೆಟ್ ತೆಗೆದ. ಗಾದಿಯವರು ಮೊಬೈಲನ್ನು ಬೆಂಚಿನ ಮೇಲಿಟ್ಟು ಎದ್ದು ಯಂತ್ರ ಶುರುಮಾಡಿದರು, ಹಿಂಜಲು ಹತ್ತಿಯೇ ಇರಲಿಲ್ಲ. ಖಾಲಿ ಯಂತ್ರ ಹಾಗೇ ತಿರುಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ನನ್ನ ನಾಲಿಗೆಗೆ ಬೈದುಕೊಂಡೆ. ಭಾವ ನನಗೆ ಗಿರಾಕಿಗಳ ಮುಂದೆ ಆಡಿದ್ದೂ ಇಂಥದೇ ಮಾತಲ್ಲವೇ? ನನಗೆ ಚುಚ್ಚಿದ ಮುಳ್ಳನ್ನೇ ಕಿತ್ತು ಇನ್ನೊಬ್ಬರಿಗೆ ಚುಚ್ಚಿ ಬಂದಿದ್ದೆ, ಅದೂ ನನ್ನನ್ನು ನಂಬಿದ ಒಬ್ಬನೇ ಗಿರಾಕಿಗೆ.

ಮಾರನೆಯ ದಿನ ಕ್ಷಮೆ ಕೇಳಲು ಹೋದೆ. ಗಾದಿಯವರು ನನ್ನನ್ನು ಮಾತಾಡಲು ಬಿಡಲಿಲ್ಲ. ಗೋಡೆಯ ಕಡೆ ಕೈ ತೋರಿಸಿದರು. ಬೆಂಚಿನ ಮೇಲುಗಡೆ, ಅಲ್ಲಿ ಕೂತವರ ತಲೆಯ ಹಿಂದೆ, ಅಬ್ಬಾನ ಫೋಟೋ ತೂಗುಹಾಕಿತ್ತು.

"ಅಬ್ಬಾನಽ ಅಲ್ಲಿ ಮೊಳಿ ಹೊಡ್ದಿದ್ರು, ಅವ್ರ ಅಪ್ಪನ ಫೋಟೋಕ್ಕ. ಈಗ ಅವ್ರು ಅದಾರ," ಎಂದರು. "ಗಿರಾಕಿ ಹತ್ತಿ ನೋಡ್ತಾನ. ಅಬ್ಬಾ ಗಿರಾಕಿ ಬೆನ್ನ ಹಿಂದ ಇರ್ತಾರ. ಇರ್ಲಿ ಬಿಡು, ನೀ ಮಾಡಿದ್ದು ಸರಿ ಐತಿ. ಆದ್ರ ಮಾತು ಸರಿ ಇರ್ಲಿಲ್ಲ ತಂಗಿ."

"ಇರ್ಲಿಲ್ಲರಿ," ಎಂದೆ. ಕಣ್ಣಲ್ಲಿ ನೀರು ಬಂತು. ಹತ್ತಿಯ ಧೂಳು ಎಂದು ಅವರ ಹೆಂಡತಿ ತಾನೇ ನನ್ನ ಪರವಾಗಿ ಸುಳ್ಳು ಹೇಳಿ ಚಹಾ ತರಲು ಎದ್ದಳು. ಆಮೇಲೆ ನಾನು ಒಳಗೊಂದು ಬೇರೆ ಪುಟ ಮಾಡಿ ಅಬ್ಬಾ ಮತ್ತು ಪರಿವಾರದವರನ್ನೆಲ್ಲ ಅಲ್ಲಿ ಕೂರಿಸಿದೆ. ಬೇಕಾದವರು ಒತ್ತಿ ನೋಡಲಿ. ಟಿಕೋಟಾದಿಂದ ದಿನಾ ಯಾರೋ ಒಬ್ಬರು ತಪ್ಪದೆ ಒತ್ತುತ್ತಿದ್ದರು.

ಗಡುವಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಮೂರು ಮಂದಿಗೆ ಈ ಪುಟ ತೋರಿಸಿ ನಿಮಗೂ ಮಾಡಿಕೊಡುತ್ತೇನೆ ಎಂದಿದ್ದೆ. ಒಬ್ಬ ಪಂಪಿನ ಮೋಟಾರು ರಿಪೇರಿಯವನು, ಒಬ್ಬಳು ಬಟ್ಟೆ ಹೊಲಿಯುವವಳು, ಒಬ್ಬ ಕನ್ನಡಕದ ಅಂಗಡಿಯವನು. ಮೂವರೂ ಹೌದು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಆದರೆ ಮೂವರೂ ಕೇಳಿದ್ದು ಒಂದೇ. "ಗಾದಿಯವ್ರಿಗೆ ಇದರಿಂದ ಗಿರಾಕಿ ಬಂದಾರೇನ್ರಿ?" ಬಂದರೆ ನಾನು ಉಳಿದೆ, ಬರದಿದ್ದರೆ ಸ್ಟೇಷನ್ ರಸ್ತೆಯ ಖುರ್ಚಿ.

ಬಬಲೇಶ್ವರದಿಂದ ಕರೆ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಗಾದಿಯವರ ಹೆಂಡತಿ ಫೋನು ಎತ್ತಿ ಎರಡು ಮಾತು ಕೇಳಿ, ಕೈಯಿಂದ ಮುಚ್ಚಿ, ನನ್ನ ಕಡೆ ಚಾಚಿದಳು. "ಇವ್ರೇನೋ ನಿನ್ನ ಬೆಂಚ್ ನೋಡ್ಯಾರಂತ."

ಆ ಕಡೆ ಒಬ್ಬ ಹೆಂಗಸಿನ ದನಿ, ಹಿಂದೆ ಗಿರಣಿಯ ಗದ್ದಲ. ಹಿಟ್ಟಿನ ಗಿರಣಿ ಅವಳದೇ. ಮೊಬೈಲಿನಲ್ಲಿ ಗಾದಿ ಹಿಂಜುವವರು ಎಂದು ಹುಡುಕಿದ್ದಳಂತೆ, ಬರೀ ಸ್ಪಂಜಿನವರು ಬಂದರಂತೆ, ನಡುವೆ ಬೆಂಚು ಕಂಡಿತಂತೆ. "ಅವ್ವನ ಗಾದಿ ಐತ್ರಿ. ಅವ್ವ ಹೋಗಿ ವರ್ಷ ಆತು. ಗಿರಣಿ ಬಿಟ್ಟು ಬಂದು ಕುಂದ್ರಾಕ ನನಗ ಆಗೂದಿಲ್ಲ, ಜ್ವಾಳ ಹಿಡ್ಕೊಂಡು ಮಂದಿ ಸಾಲ ನಿಂತಿರ್ತಾರ. ಫೋನಿನಾಗ ತೋರಸ್ತೀವಿ ಅಂತ ಬರ್ದೀರಿ. ಪೂರಾ ತೋರಸ್ತೀರೋ, ಹಿಂಗ ಹಂಗ ಮಾಡಿ ಬಂದ್ ಮಾಡ್ತೀರೋ?"

"ಪೂರಾ ತೋರಸ್ತೀವ್ರಿ."

"ಊಟದ ಹೊತ್ತಿನಾಗೂ?"

"ಊಟದ ಹೊತ್ತಿನಾಗೂ."

"ಹಂಗಾರ ಟಂಟಂನಾಗ ಹಾಕಿ ಕಳಸ್ತೀನಿ. ನಾ ನೋಡ್ತೀನಂತ ತಿಳ್ಕೊಂಡಽ ಬಿಚ್ಚರಿ."

ಗುರುವಾರ ಟಂಟಂ ರಿಕ್ಷಾದಿಂದ ಗಾದಿ ಬಂದಿಳಿಯಿತು. ನನ್ನ ಫೋನಿನಲ್ಲಿ ವಿಡಿಯೋ ಕರೆ ಹಚ್ಚಿದೆ. ಆ ಕಡೆ ಅವಳು ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟಿದ್ದಳು. ಹುಬ್ಬು, ಮೂಗು, ಸೆರಗು ಎಲ್ಲ ಹಿಟ್ಟು. ಈ ಕಡೆ ನಮ್ಮ ಮೈಮೇಲೆಲ್ಲ ಹತ್ತಿ. ಜೋಳ ತಂದವರು ಅವಳ ಹೆಗಲ ಮೇಲಿಂದ ಇಣುಕಿ, "ಯಾರದು, ಯಾರದು," ಎಂದು ಕೇಳುತ್ತಿದ್ದರು. "ಅವ್ವನ ಗಾದಿ," ಎಂದು ಅವಳು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಗಾದಿಯವರು ಒಂದು ಬದಿಯ ಹೊಲಿಗೆ ಬಿಚ್ಚಿ ಒಂದು ಹಿಡಿ ಹತ್ತಿ ತೆಗೆದು, ಯಾರ ಕೈಗೆ ಕೊಡುವುದೆಂದು ತಿಳಿಯದೆ ಅತ್ತಿತ್ತ ನೋಡಿ, ನನ್ನ ಎಡಗೈಗೆ ಕೊಟ್ಟರು. "ಅವ್ರ ಪರವಾಗಿ ನೀ ಹಿಡ್ಕೊ." ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಸತ್ತ ಹೆಂಗಸೊಬ್ಬಳ ಹತ್ತಿ. ನಾನು ಬೆಂಚಿನ ಮೇಲೆ ಕೂತೆ.

ಗಾದಿಯ ತಲೆಯ ಕಡೆಯ ಮೂಲೆಯಲ್ಲಿ ಹೊಲಿಗೆ ಒಂದು ಗೇಣು ಬೇರೆ ದಾರದ್ದಿತ್ತು. ಅದನ್ನೂ ಬಿಚ್ಚಿ ಕೈಹಾಕಿ ಗಾದಿಯವರು ಒಂದು ಸಣ್ಣ ತಗಡಿನ ಡಬ್ಬಿ ತೆಗೆದರು. ಫೋನಿನ ಎದುರಿಗೆ ಹಿಡಿದು ಮುಚ್ಚಳ ತೆಗೆದರು. ತಂಬಾಕು. ಅರ್ಧ ಮುಗಿದಿತ್ತು.

ಗಿರಣಿಯವಳು ಪಟ್ಟಾ ತೆಗೆದು ಯಂತ್ರ ನಿಲ್ಲಿಸಿದಳು. "ನನ್ನ ಮಗನ ಮ್ಯಾಲೆ ಆಣಿ ಮಾಡಿದ್ಲು, ಬಿಟ್ಟೇನಿ ಅಂತ," ಎಂದಳು. ನಗತೊಡಗಿದಳು. ನಗುತ್ತ ನಗುತ್ತ ಹಿಟ್ಟಿನ ಮುಖದ ಮೇಲೆ ಎರಡು ಗೀರು ಇಳಿದವು. ಸಾಲಿನಲ್ಲಿ ನಿಂತವರೂ ನಕ್ಕರು, ಅವರಿಗೂ ಆ ಮುದುಕಿ ಗೊತ್ತಿದ್ದಳು. ಗಾದಿಯವರು ಡಬ್ಬಿಯನ್ನು ಮುಚ್ಚಿ ಒಂದು ಬಟ್ಟೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟರು. "ಗಾದಿ ಸಂಗಾಟ ಬರ್ತದ್ರಿ ಇದು," ಎಂದರು. "ನಿಮ್ಮನ್ಯಾಗಿಂದು ನಮಗ್ಯಾಕ."

"ಹ್ಞೂಂ, ಈಗ ಹಿಂಜ್ರಿ," ಎಂದಳು ಅವಳು ಮೂಗೊರೆಸಿಕೊಂಡು. ಗಿರಣಿ ಮತ್ತೆ ಶುರುವಾಯಿತು.

ಭಾವ ಬಂದದ್ದು ಆಗ. ಮರುವಾರದಿಂದ ಲಗ್ನಸರಾಯಿ. ಪತ್ರಿಕೆಯ ಕೆಲಸ ಬಂದು ಬಿದ್ದಿದೆ ಎಂದು ಗಂಡ ಮೊದಲೇ ವರದಿ ಕೊಟ್ಟಿದ್ದ. ನಾನು ಎಲ್ಲಿ ಸಿಗುತ್ತೇನೆ ಎಂಬುದನ್ನೂ ಅವನೇ ಭಾವನಿಗೆ ವರದಿ ಕೊಟ್ಟಿರಬೇಕು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಒಳಗೆ ಬಂದು ನನ್ನೆದುರು ನಡುವೆ ನಿಂತರು. ಯಂತ್ರದ ಸದ್ದಿಗೆ ದನಿ ಎತ್ತರಿಸಿ ಹೇಳಿದರು.

"ಆತಲ್ಲವಾ ಆಟ. ಇಲ್ಲಿ ಹತ್ತಿ ಹಿಡ್ಕೊಂಡು ಕುಂತೀದಿ, ಅಲ್ಲಿ ನಾಕು ಪತ್ರಿಕಾ ಬಾಕಿ ಅದಾವ. ಸೋಮಾರಕ್ಕ ಬಾ. ಯಾರೂ ಏನೂ ಅನ್ನೂದಿಲ್ಲ. ನಾ ಹೇಳೇನಿ ಎಲ್ಲಾರಿಗೂ, ಏನೂ ಅನಬ್ಯಾಡ್ರಿ ಅಂತ."

ಏನೂ ಅನ್ನಬೇಡಿ ಎಂದು ಎಲ್ಲರಿಗೂ ಹೇಳಿದ್ದಾರಂತೆ. ಅಂದರೆ ಎಲ್ಲರಿಗೂ ಹೇಳಿದ್ದಾರೆ. ಅವರಿಗೆ ಕೊಡಬಹುದಾದ ಉತ್ತರಗಳು ಸಾಲಾಗಿ ನಾಲಿಗೆಯ ಮೇಲೆ ಬಂದು ನಿಂತವು, ಒಂದಕ್ಕಿಂತ ಒಂದು ಖಾರ. ಅವುಗಳಲ್ಲಿ ಯಾವುದನ್ನು ಎತ್ತಲಿ ಎಂದು ನೋಡುತ್ತಿರುವಾಗ ನನ್ನ ಬಲಗೈಯಿಂದ ದನಿ ಬಂತು. ಗಿರಣಿಯನ್ನು ಮೀರಿ ಮಾತಾಡಿ ಮಾತಾಡಿ ಪಳಗಿದ ದನಿ.

"ಯಾರ್ರಿ ಅವ್ರು ನಡುವ ನಿಂತೋರು? ಬಾಜೂಕ ಸರೀರಿ ಅನ್ರಿ. ನಮ್ಮ ಹತ್ತಿ ಕಾಣವಲ್ದು."

ಹದಿನೇಳು ವರ್ಷದಲ್ಲಿ ಭಾವನಿಗೆ ಬಾಜೂಕ ಸರಿಯಿರಿ ಎಂದವರನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಇಲ್ಲ, ಪ್ರೆಸ್ಸಿನಲ್ಲಿ ಇಲ್ಲ. ಭಾವ ಫೋನಿನ ಕಡೆ ನೋಡಿದರು, ನೆಲದ ಹತ್ತಿಯ ಕಡೆ ನೋಡಿದರು. ಅಂಗಡಿ ನಡೆಸಿ ಮುದುಕರಾಗುತ್ತಿರುವ ಮನುಷ್ಯ. ಆ ದನಿ ಗಿರಾಕಿಯದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ತಪ್ಪಾತ್ರಿ ಅಕ್ಕಾರ," ಎಂದು ಫೋನಿಗೆ ಹೇಳಿ, ಎರಡು ಹೆಜ್ಜೆ ಸರಿದು ಗೋಡೆಗೆ ಒತ್ತಿಕೊಂಡು ನಿಂತರು. ಬಿಳಿ ಶರ್ಟಿನ ಬೆನ್ನಿಗೆಲ್ಲ ಹತ್ತಿ ಅಂಟಿತು.

ಹಾಗೇ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲ ಕಡೆ, ಗೋಡೆಗುಂಟ, ಚಿತ್ರಕ್ಕೆ ಅಡ್ಡ ಬರದಂತೆ ನಡೆದರು. ಹೊಸ್ತಿಲಲ್ಲಿ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು, "ಆ ಖುರ್ಚಿ ಬ್ಯಾರೇದೋರಿಗೆ ಕೊಡ್ಲೇನು?"

"ಕೊಡ್ರಿ," ಎಂದೆ.

ಅವರು ಹೋದ ಮೇಲೆ ನನಗೆ ಎದ್ದು ಕುಣಿಯಬೇಕೆನಿಸಿತು. ಜೋರಾಪುರ ಪೇಟೆಯ ಆ ಅಂಗಡಿಯ ನಡುವೆ, ಹತ್ತಿಯ ರಾಶಿಯ ಸುತ್ತ, ಸೀರೆ ಎತ್ತಿಕಟ್ಟಿ ಕುಣಿಯಬೇಕೆನಿಸಿತು. ಆದರೆ ಕೈ ಅಲುಗಿದರೆ ಬಬಲೇಶ್ವರದವಳು ಬೈಯುತ್ತಿದ್ದಳು. ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.